ಸದ್ದಿಲ್ಲದ ಕೋಳಿ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ವಿಷಯ ಅಷ್ಟಕ್ಕಷ್ಟೇ. ಅರ್ಧ ಆಯಸ್ಸು ಕೋಳಿ ಫಾರಂನಲ್ಲೇ ಕಳೆದವನು. ಕೋಳಿಯ ಕೊಕ್ಕು ನೋಡಿ ಅದರ ಹಣೆಬರಹ ಹೇಳುತ್ತಿದ್ದ. ಹೆಂಡತಿಯ ಮುಖ ನೋಡಿದರೆ ಮಾತ್ರ ಅವಳು ಉಂಡಳೋ ಇಲ್ಲವೋ ಅನ್ನುವುದೂ ತಿಳಿಯುತ್ತಿರಲಿಲ್ಲ. ಜನ ಅವನನ್ನು ಕೋಳಿಯಪ್ಪ ಎನ್ನುತ್ತಿದ್ದರು. ಚಿಕ್ಕಮ್ಮನಿಗೆ ರೇಡಿಯೋ ಎಂದು ಹೆಸರು. ಬೆಳಗ್ಗೆ ಶುರುವಾದ ಅವಳ ಬೈಗುಳ ದೀಪ ಆರಿಸಿದ ಮೇಲೂ ಮುಗಿಯುತ್ತಿರಲಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನ್ಯಾಯವಾಗಿಯೇ ಇರುತ್ತಿತ್ತು.

ಆ ವರ್ಷದ ಬಿಸಿಲಿಗೆ ಟೊಮೆಟೊ ಗಿಡದಲ್ಲೇ ಬೆಂದುಹೋಯಿತು. ಹಣ್ಣು ಬಿಡಿಸಲು ಹೋದ ಇಬ್ಬರು ಹೆಂಗಸರು ಸಾಲಿನಲ್ಲೇ ಕುಸಿದರು. ಒಬ್ಬಳು ಏಳಲೇ ಇಲ್ಲ. ಫಾರಂ ಮಾಲೀಕರು ಮಾತ್ರ ಬಲು ಮುಂದಾಲೋಚನೆಯವರು. ಕೋಳಿಗಳಿಗೆ ದೊಡ್ಡ ದೊಡ್ಡ ಫ್ಯಾನು, ಸೂರಿನಿಂದ ತುಂತುರು ನೀರು, ಕರೆಂಟು ಹೋದರೆ ಜನರೇಟರು. ಶೆಡ್ಡಿನ ಹಿಂದಿನ ತಗಡಿನ ಕೋಣೆಯಲ್ಲಿ ಚಿಕ್ಕಪ್ಪನ ಸಂಸಾರ. ಅಲ್ಲಿ ಫ್ಯಾನಿರಲಿಲ್ಲ. ಮೊಟ್ಟೆ ಇಡದವರಿಗೆ ಫ್ಯಾನು ಯಾಕೆ?

"ಸೆಕೆಗೆ ಬಾಯ್ತೆರೆದು ಏದುಸಿರು ಬಿಡೋ ಕೋಳಿ ನೋಡಿ ಹೆದರ್ಬೇಡ," ಎಂದು ಚಿಕ್ಕಪ್ಪ ನನಗೆ ಎಷ್ಟು ಸಲ ಹೇಳಿದ್ದಾನೋ. "ಸುಮ್ಮನಾಯ್ತು ನೋಡು, ಅದು ಹೋಯ್ತು ಅಂತ್ಲೇ ಲೆಕ್ಕ. ತಕ್ಷಣ ನೀರಲ್ಲಿ ಅದ್ದಬೇಕು."

ಒಂದು ಮಧ್ಯಾಹ್ನ ನಾನು ಮೊಟ್ಟೆ ಒಯ್ಯಲು ಹೋಗಿದ್ದೆ. ಚಿಕ್ಕಪ್ಪ ಊಟ ಮುಗಿಸಿ ಮದುಮಗನ ಹಾಗೆ ನಗುತ್ತಾ ಶೆಡ್ಡಿಗೆ ಬಂದ.

"ನಿಮ್ಮ ಚಿಕ್ಕಮ್ಮಂಗೆ ಕೊನೆಗೂ ಬುದ್ಧಿ ಬಂತು ಕಣೋ. ಚಪ್ಪಲಿ ಹಾಕ್ಕೊಂಡೇ ಒಳಗೆ ಹೋದೆ, ತಟ್ಟೆ ಅಲ್ಲೇ ಬಿಟ್ಟೆ, ಒಂದ್ ಮಾತಿಲ್ಲ! ಗೋಡೆಗೊರಗಿ ಕೂತೇ ಇದ್ಲು."

ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಹಾಕಲು ಕ್ಯಾನು ಎತ್ತಿದವನ ಕಣ್ಣಿಗೆ ಮೂಲೆಯ ಕೋಳಿಯೊಂದು ಬಿತ್ತು. ಸದ್ದಿಲ್ಲದೆ ಕುಕ್ಕರಿಸಿತ್ತು. ಕ್ಯಾನು ಕೆಳಗಿಟ್ಟು ಅದನ್ನು ಬಕೆಟ್ಟಿನಲ್ಲಿ ಅದ್ದಿದ. ಅದ್ದಿದ ಕೈ ಅಲ್ಲೇ ನಿಂತಿತು.

"ಅಯ್ಯೋ, ಅವಳೂ ಸುಮ್ಮನಾಗಿದಾಳಲ್ಲೋ!"

ಕೋಳಿಯನ್ನು ಬಿಟ್ಟು ಬಕೆಟ್ಟು ಹಿಡಿದು ಓಡಿದ. ಹಿಂದೆ ನಾನೂ ಓಡಿದೆ. ಜನರೇಟರು ಇಬ್ಬರಿಗೂ ನೆನಪಾಗಲಿಲ್ಲ.

ಚಿಕ್ಕಮ್ಮ ಕಣ್ಣು ತೇಲಿಸಿ ಬಿದ್ದಿದ್ದಳು. ಚಿಕ್ಕಪ್ಪನಿಗೆ ಗೊತ್ತಿದ್ದ ಚಿಕಿತ್ಸೆ ಒಂದೇ. ನೀರು ಸುರಿದ, ರೆಕ್ಕೆ ಬಿಡಿಸುವಂತೆ ಎರಡೂ ತೋಳು ಅಗಲಿಸಿದ, ಮೊಟ್ಟೆಯ ರಟ್ಟಿನಿಂದ ಗಾಳಿ ಬೀಸುತ್ತಾ ಅತ್ತ. ನಾನು ಆಟೋ ತಂದೆ. ಆಸ್ಪತ್ರೆಯಲ್ಲಿ ಎರಡು ದಿನ ಹೋರಾಡಿ ಉಳಿದಳು.

ಕೋಳಿಗಳು ಉಳಿಯಲಿಲ್ಲ. ಮಾಲೀಕರು ಬಂದಾಗ ಶೆಡ್ಡಿನ ತುಂಬ ಬಿಳಿ ರಾಶಿ. ಅವರು ನಿಜವಾಗಿಯೂ ಕಣ್ಣೀರು ಹಾಕಿದರು, ಅದನ್ನು ಇಲ್ಲವೆನ್ನಲಾರೆ.

"ಇಷ್ಟೊಂದು ಜೀವ ಬಿಟ್ಟು ಒಂದು ಜೀವದ ಹಿಂದೆ ಓಡಿದ್ಯಲ್ಲೋ, ನಿಂಗೆ ಕರುಳು ಅನ್ನೋದಿಲ್ವಾ?"

ಕರುಳಿಲ್ಲದ ಚಿಕ್ಕಪ್ಪನಿಗೆ ಅವತ್ತೇ ಕೆಲಸವೂ ಇಲ್ಲ, ಕೋಣೆಯೂ ಇಲ್ಲ.

ಈಗ ಇಬ್ಬರೂ ನಮ್ಮ ಮನೆಯಲ್ಲೇ ಇದ್ದಾರೆ. ಚಿಕ್ಕಮ್ಮ ದಿನವಿಡೀ ಬೈಯುತ್ತಾಳೆ. "ಕೋಳಿ ಅದ್ದಿದ ನೀರು ತಲೆ ಮೇಲೆ ಸುರಿದ್ರಲ್ಲ, ಇನ್ನೂ ಕೂದಲು ನಾರ್ತಿದೆ. ಇದ್ದ ಕೆಲಸಾನೂ ಕಳ್ಕೊಂಡ್ರಿ!" ಚಿಕ್ಕಪ್ಪ ಎದುರಿಗೆ ಕೂತು ಕೇಳುತ್ತಾನೆ. ಉಸಿರು ತೆಗೆದುಕೊಳ್ಳಲು ಅವಳು ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಅವನ ಮುಖ ಬಿಳಿಚಿಕೊಳ್ಳುತ್ತದೆ, ಕೈ ನೀರಿನ ಚೊಂಬಿಗೆ ಹೋಗುತ್ತದೆ.

"ಯಾಕೇ ನಿಲ್ಲಿಸ್ದೆ?" ಎನ್ನುತ್ತಾನೆ. "ಬೈಯೇ."