ಕೆಂಪು ಚುಕ್ಕೆ ಇಡದ ಟ್ಯೂಬು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಫ್ರೀಜರಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಮೈನಸ್ ಎಂಬತ್ತು ಡಿಗ್ರಿಯ ಆ ಫ್ರೀಜರಿನ ಬೀಗದ ಕೈ ಅವಳ ಹತ್ತಿರವೇ ಇತ್ತು. ದೊಡ್ಡ ಡಾಕ್ಟರೇ ಬಂದು ಜಪ್ಪಯ್ಯ ಎಂದರೂ ಅವಳನ್ನು ಕೇಳದೆ ಬಾಗಿಲು ತೆರೆಯುವ ಹಾಗಿರಲಿಲ್ಲ.

ಒಳಗಿದ್ದದ್ದು ಮಾಯದ ಹುಣ್ಣುಗಳಿಗೆ ಹಚ್ಚುವ ಹೊಸ ಮದ್ದು. ಜೀವಕೋಶಗಳು ಹೊರಗೆ ಬಿಡುವ, ಕಣ್ಣಿಗೆ ಕಾಣದ ಪುಟಾಣಿ ಚೀಲಗಳು. ಅವುಗಳೊಳಗೆ ಚರ್ಮ ಬೆಳೆಸುವ ಸಂದೇಶವನ್ನು ಇಲ್ಲಿಯವರೇ ತುಂಬಿಸಿದ್ದರು. ಮದ್ದು ಇನ್ನೂ ಪರೀಕ್ಷೆಯಲ್ಲಿತ್ತು. ಪರೀಕ್ಷೆಗೆ ಸೇರಿದ ರೋಗಿಗಳಲ್ಲಿ ಅವಳ ಅತ್ತೆಯೂ ಒಬ್ಬರು. ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಏಳು ತಿಂಗಳ ಹುಣ್ಣು. ಚೀಲಗಳ ಕತೆ ಕೇಳಿ ಅತ್ತೆ, "ಕಾಗದ ಬರೆದು ಕಳಿಸ್ತೀರಿ ಸರಿ, ನನ್ನ ಚರ್ಮಕ್ಕೆ ಓದೋಕೆ ಬರುತ್ತಾ ಅಂತ ಕೇಳಿದ್ರಾ?" ಎಂದಿದ್ದರು. ಆದರೂ ಎರಡು ಸಲ ಹಚ್ಚಿದ ಮೇಲೆ ಹುಣ್ಣು ತುಸು ಕುಗ್ಗಿತ್ತು. ಎರಡು ವಾರದಲ್ಲಿ ಇನ್ನಷ್ಟು ಕುಗ್ಗದಿದ್ದರೆ ಕಾಲು ತೆಗೆಯಬೇಕಾಗುತ್ತದೆಂದು ಸರ್ಜನ್ ಹೇಳಿಬಿಟ್ಟಿದ್ದರು. ಮೂರನೆಯ ಸಲ ಹಚ್ಚುವುದು ಇವತ್ತು, ಹನ್ನೊಂದು ಗಂಟೆಗೆ.

ಬೆಳಿಗ್ಗೆ ಕೋಟು ಹಾಕಿಕೊಳ್ಳುವಾಗ ಜೇಬಿನಲ್ಲಿದ್ದ ಕೆಂಪು ಪೆನ್ನು ಕೈಗೆ ತಗುಲಿತು. ನಿನ್ನೆ ಅದನ್ನು ಬಳಸಿಯೇ ಇಲ್ಲವೆಂದು ಥಟ್ಟನೆ ನೆನಪಾಯಿತು.

ಅಲ್ಲಿಯ ನಿಯಮ ಸರಳ. ಟ್ಯೂಬನ್ನು ಹೊರಗೆ ತೆಗೆದ ಕೂಡಲೇ ಮುಚ್ಚಳಕ್ಕೆ ಕೆಂಪು ಚುಕ್ಕೆ ಇಡಬೇಕು, ಆಮೇಲೆ ಅಂಗೈಗಳ ನಡುವೆ ಉರುಳಿಸಿ ಕರಗಿಸಬೇಕು. ಚುಕ್ಕೆ ಬಿದ್ದದ್ದು ಮತ್ತೆ ಒಳಗೆ ಹೋಗಬಾರದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಚೀಲಗಳು ಒಡೆದುಹೋಗುತ್ತವೆ; ಉಳಿಯುವುದು ಬರೀ ನೀರು. ನಿನ್ನೆ ಒಬ್ಬ ರೋಗಿಗೆಂದು ಅವಳು ಟ್ಯೂಬು ಕರಗಿಸಿದ್ದಳು. ಅವನಿಗೆ ಜ್ವರವೆಂದು ನರ್ಸ್ ಟ್ಯೂಬನ್ನು ವಾಪಸ್ಸು ಕಳಿಸಿದ್ದಳು. ಅಷ್ಟರಲ್ಲಿ ಗಂಡನ ಫೋನು ಬಂತು: ಅಮ್ಮನ ಕಾಲಿನ ಕಿರುಬೆರಳು ಕಪ್ಪಾಗಿದೆ. ಮುಂದೇನಾಯಿತೆಂದು ಅವಳ ಕೈಗಷ್ಟೇ ಗೊತ್ತು. ಆ ಕೈ ಟ್ಯೂಬನ್ನು ಅದರ ಗೂಡಿಗೇ ಸೇರಿಸಿತ್ತು. ಮೊದಲೇ ಇಡಬೇಕಿದ್ದ ಚುಕ್ಕೆಯನ್ನೂ ಇಟ್ಟಿರಲಿಲ್ಲ.

ಫ್ರೀಜರಿನ ಬಾಗಿಲು ತೆರೆದಳು. ಹನ್ನೆರಡು ಟ್ಯೂಬುಗಳು ಮೈತುಂಬ ಮಂಜು ಹೊತ್ತು ಸಾಲಾಗಿ ನಿಂತಿದ್ದವು. ಯಾವುದೆಂದು ದೇವರಾಣೆಗೂ ಹೇಳಲಾಗದು.

ಹೇಳಿದರೆ ಹನ್ನೆರಡೂ ಕಸಕ್ಕೆ. ಹೊಸದು ತಯಾರಾಗಲು ಮೂರು ವಾರ ಬೇಕು, ಅತ್ತೆಯ ಕಾಲಿಗಿರುವುದು ಎರಡೇ ವಾರ. ಹೇಳದಿದ್ದರೆ ಹಾಳಾದದ್ದು ಅತ್ತೆಯ ಪಾಲಿಗೆ ಬರಲಿಕ್ಕಿಲ್ಲ, ಬೇರೆ ಯಾರಿಗೋ ಬರುತ್ತದೆ. ಆ ಯಾರೋ ಮದ್ದು ಹಚ್ಚಿದ್ದಾರೆಂದು ನಂಬಿ ಬರೀ ನೀರಿನ ಮೇಲೆ ಕಾಯುತ್ತ ಕೂರುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಎರಡು ಸಲ ಬೀಗ ಹಾಕಿದಳು, ಎರಡು ಸಲ ತೆಗೆದಳು. ಕೊನೆಗೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಟ್ಯೂಬುಗಳ ಪೆಟ್ಟಿಗೆಯನ್ನು ತರಿಸಿ, ಹನ್ನೆರಡು ಮುಚ್ಚಳಕ್ಕೂ ಅವಳ ಕೈಯಿಂದಲೇ ಚುಕ್ಕೆ ಇಡಿಸಿದರು. ಹೊಸ ಮದ್ದು ತಯಾರಾಗುವವರೆಗೆ ಹುಣ್ಣನ್ನು ದಿನವೂ ತೊಳೆದು ಪಟ್ಟಿ ಕಟ್ಟುವುದೊಂದೇ ದಾರಿ ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಕೂತು, ಮದ್ದಿನ ಪೆಟ್ಟಿಗೆಯೇ ಕಸಕ್ಕೆ ಹೋಯಿತು, ತಪ್ಪು ತನ್ನದೇ ಎಂದು ಸೊಸೆ ಹೇಳಿದಳು. ಇಪ್ಪತ್ತು ವರ್ಷ ಸಾರಿನ ಉಪ್ಪಿಗೂ ಬಿಡದೆ ಜಗಳವಾಡಿದ ಬಾಯಿ ಅದು. ಅವಳು ತಲೆ ತಗ್ಗಿಸಿ ಕಾದಳು.

"ಆ ಪೆಟ್ಟಿಗೇಲಿ ನಂದೊಂದೇ ಕಾಲಿತ್ತಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ. ಹನ್ನೆರಡು ಜನದ್ದು."

ಅತ್ತೆ ತಮ್ಮ ಪಾದವನ್ನು ನೋಡಿಕೊಂಡರು. ಆಮೇಲೆ ಸೊಸೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಂಗೆ ಭಯ ಆಗ್ತಿದೆ ಕಣೆ."

ಇಪ್ಪತ್ತು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದಿರಲಿಲ್ಲ. ಸೊಸೆ ನೆಲದ ಮೇಲೆ ಕೂತು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಪಟ್ಟಿಯನ್ನು ಬಿಚ್ಚತೊಡಗಿದಳು.