ಆಟಿಯಲ್ಲಿ ಹಾಕಿದ ಒಂದು ಹೆಚ್ಚಿನ ಎಲೆ

"ಅವನು ನನ್ನನ್ನು ಘೋಸ್ಟ್ ಮಾಡಿದ."

ದೊಡ್ಡಮ್ಮನ ಮಗಳು ಅಶ್ವಿತಾ ಹೀಗೆಂದದ್ದು ನನ್ನ ಹತ್ತಿರ, ಮಾಣಿ ಊರಿನ ಅವರ ಮನೆಯ ಅಡುಗೆಮನೆಯಲ್ಲಿ. ಕೇಳಿಸಿದ್ದು ದೊಡ್ಡಮ್ಮನಿಗೆ. ಕೋಳಿ ಪದಾರ್ಥ ತಿರುವುತ್ತಿದ್ದ ಸೌಟು ನಿಂತಿತು.

"ಘೋಸ್ಟ್ ಅಂದ್ರೆ ಕುಲೆ ಅಲ್ವಾ ಮಾರಾಯ್ತಿ? ಹುಡುಗನ ಮೇಲೆ ಕುಲೆ ಉಂಟಾ?"

(ಕುಲೆ ಎಂದರೆ ನಮ್ಮಲ್ಲಿ ತೀರಿಕೊಂಡವರ ಆತ್ಮ. ಆಟಿ ಎಂಬ ಆಷಾಢ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದು, ಹೊರಗೆ ಕಾಯುತ್ತೇವೆ. ಅಂದು ಅದೇ ದಿನ.)

ಹುಡುಗ ದುಬೈಯಲ್ಲಿದ್ದಾನೆ. ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ನಿಶ್ಚಿತಾರ್ಥ. ಮೂರು ವಾರಗಳಿಂದ ಮೆಸೇಜಿಗೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ನಿಶ್ಚಿತಾರ್ಥ ಉಂಟೋ ಇಲ್ಲವೋ? ಅದನ್ನಾದರೂ ಹೇಳಬಾರದೇ?

ಇಂಗ್ಲಿಷ್ ಎಂ.ಎ. ಮಾಡಿದವಳಲ್ಲವೇ, ವಿವರಿಸಲು ಹೋದೆ. ಈ ಕ್ರಿಯಾಪದಕ್ಕೆ ಹಿಂದೊಮ್ಮೆ ಪ್ರಾಣ ಬಿಡುವುದು ಎಂಬ ಅರ್ಥವಿತ್ತು. ಆಮೇಲೆ, ಸತ್ತವರು ಬಂದು ಕಾಡುವುದು. ಈಗ, ಬದುಕಿರುವವರು ಹೇಳದೆ ಮಾಯವಾಗುವುದು. ಬರುವುದಕ್ಕಿದ್ದ ಪದ ಹೋಗುವುದಕ್ಕೆ ಬಂದದ್ದು ಹೇಗೆ?

"ಎಲ್ಲ ಒಂದೇ," ದೊಡ್ಡಮ್ಮ ಇನ್ನೊಂದು ಬಾಳೆಲೆ ಒರೆಸಿದರು. "ಹುಡುಗನ ಮನೆಯ ಕುಲೆಗೂ ಒಂದು ಎಲೆ ಹಾಕುವ. ಹಸಿವು ಇರ್ಬಹುದು."

ನಾವು ನಗಲಿಲ್ಲ.

ಸಂಜೆ ಕೋಣೆಯಲ್ಲಿ ಮೂರರ ಬದಲು ನಾಲ್ಕು ಎಲೆ. ಬಾಗಿಲೆಳೆದು ಚಾವಡಿಯಲ್ಲಿ ಕುಳಿತೆವು. ಮಾತಾಡುವಂತಿಲ್ಲ. ಮಳೆಯೂ ನಿಂತಿತ್ತು.

ಒಳಗೆ ಟಿಂಗ್ ಎಂದಿತು.

ಅಶ್ವಿತಾ ಬಾಗಿಲಿನತ್ತ ತಿರುಗಿದಳು. ಫೋನನ್ನು ಆ ಕೋಣೆಯ ಕಿಟಕಿಯಲ್ಲೇ ಚಾರ್ಜಿಗೆ ಇಟ್ಟು ಮರೆತಿದ್ದಳು. ಆ ಸದ್ದನ್ನು ಅವನೊಬ್ಬನ ಮೆಸೇಜಿಗೇ ಇಟ್ಟದ್ದು. ಎದ್ದಳು.

"ಕೂತ್ಕೋ!" ದೊಡ್ಡಮ್ಮ ಪಿಸುಗುಟ್ಟಿದರು. "ಉಣ್ಣುವಾಗ ಬಾಗಿಲು ತೆಗೀಬಾರ್ದು."

ಹತ್ತು ನಿಮಿಷ. ಅಷ್ಟು ಉದ್ದದ ಹತ್ತು ನಿಮಿಷವನ್ನು ನಾನು ಕಂಡಿಲ್ಲ. ದೊಡ್ಡಮ್ಮ ಮೂರು ಸಲ ಬಾಗಿಲು ತಟ್ಟಿ ತೆರೆದರು.

ಫೋನಿನಲ್ಲಿ ಅವನ ಹೆಸರು. ಕೆಳಗೆ ಒಂದೇ ಸಾಲು: ಈ ಮೆಸೇಜನ್ನು ಅಳಿಸಲಾಗಿದೆ.

"ಏನಂತೆ?"

"ಬಂದಿದ್ದ ಅಮ್ಮ," ಎಂದಳು ಅಶ್ವಿತಾ. "ಹೋದ."

ದೊಡ್ಡಮ್ಮ ನಾಲ್ಕನೆಯ ಎಲೆಯನ್ನು ತೋರಿಸಿದರು. ಅದರ ಪಕ್ಕದ ನೀರಿನ ಲೋಟ ಮಗುಚಿತ್ತು. (ಫೋನ್ ಅದುರಿದ್ದಕ್ಕೆ ಬಿದ್ದಿರಬೇಕು ಎಂದುಕೊಂಡೆ. ಫೋನ್ ಇದ್ದದ್ದು ಕಿಟಕಿಯಲ್ಲಿ. ಲೋಟ ಇದ್ದದ್ದು ನೆಲದಲ್ಲಿ.)

ಅಶ್ವಿತಾ ನೀರು ಒರೆಸಿದಳು. ಆಮೇಲೆ, ನಮ್ಮೆದುರೇ, ಅವನ ನಂಬರನ್ನೂ ಅಳಿಸಿದಳು.

ಎಲೆ ಹಾಕಿ ಕರೆದರೆ ಸತ್ತವರು ವರ್ಷಕ್ಕೊಮ್ಮೆಯಾದರೂ ಬರುತ್ತಾರೆ. ಬದುಕಿರುವ ಕುಲೆಗೆ ಏನು ಬಡಿಸಬೇಕು?