ಮುಟ್ಟದೆ ಬೀಳುವ ಚಂದ್ರ

ನಮ್ಮ ಸೈನ್ಸ್ ಮೇಷ್ಟ್ರು ಚಂದ್ರನ ಪಾಠಕ್ಕೆ ನಮ್ಮನ್ನು ಮಧುಗಿರಿ ಬೆಟ್ಟದ ಅರ್ಧದವರೆಗೆ ಹತ್ತಿಸುತ್ತಿದ್ದರು. ರುಮಾಲು ತೆಗೆದು ಬಂಡೆಯ ಮೇಲಿಟ್ಟು, ಕುರಿ ಕಾಯುವವರಿಂದ ಕೇಳಿ ತಂದ ಕವಣೆಯಲ್ಲಿ ಕಲ್ಲು ಬೀಸುತ್ತಿದ್ದರು, ಅದೂ ಯಾವಾಗಲೂ ಮೂಡಲಿಗೇ.

“ಜೋರಾಗಿ ಬೀಸಿದಷ್ಟೂ ದೂರ ಹೋಗಿ ಬೀಳುತ್ತೆ. ಇನ್ನೂ ಇನ್ನೂ ಜೋರಾಗಿ ಬೀಸಿದರೆ, ಕಲ್ಲು ಬೀಳುವಷ್ಟೇ ಭೂಮಿಯೂ ಬಾಗ್ತಾ ಹೋಗುತ್ತೆ. ಚಂದ್ರನೂ ಹಂಗೇ. ಭೂಮಿ ಎಳೀತಾನೇ ಇರುತ್ತೆ, ಅವನು ಬೀಳ್ತಾನೇ ಇರ್ತಾನೆ ಕಣ್ರೋ, ಮುಟ್ಟಲ್ಲ.”

“ಯಾವತ್ತೂ ಮುಟ್ಟಲ್ವಾ ಸಾರ್?” ಎಂದು ನಮ್ಮಲ್ಲೊಬ್ಬ ಕೇಳಿದ.

“ಅಡ್ಡಕ್ಕೆ ಓಡೋದು ನಿಂತರೆ ನೆಟ್ಟಗೆ ಬಂದು ಬೀಳ್ತಾನೆ. ನಿಲ್ಲಬೇಕಲ್ಲ!” ಎಂದು ಮೇಷ್ಟ್ರು ಕವಣೆ ಸುತ್ತಿಟ್ಟರು.

ಮೂಡಲಿಗೆ, ಮಹಾರಾಜರ ಸೀಮೆ ದಾಟಿದರೆ ಹಿಂದೂಪುರ. ಮೇಷ್ಟ್ರ ಒಬ್ಬಳೇ ಮಗಳನ್ನು ಕೊಟ್ಟ ಊರು. ಮದುವೆಯ ಊಟದ ಪಂಕ್ತಿಯಲ್ಲಿ ಬೀಗರೊಂದಿಗೆ ಮಾತಿಗೆ ಮಾತು ಬೆಳೆದು, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಟ್ಟಿದ್ದರು. ಬೀಗರು ಅವಳನ್ನು ತವರಿಗೆ ಕಳಿಸಲಿಲ್ಲ.

ಮುಂದೆ ನಾನು ಹಿಂದೂಪುರಕ್ಕೆ ಅರ್ಧ ದಾರಿಯಲ್ಲಿರುವ ಕೊಡಿಗೇನಹಳ್ಳಿಯಲ್ಲಿ, ಬಸ್ಸು ನಿಲ್ಲುವ ಕಡೆ ಅಂಗಡಿ ಇಟ್ಟೆ. ರಜೆ ಸಿಕ್ಕಾಗಲೆಲ್ಲ ಮೇಷ್ಟ್ರು ಮಧುಗಿರಿ ಬಸ್ಸಿನಲ್ಲಿ ಬಂದಿಳಿದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಹಿಂದೂಪುರದ ಬಸ್ಸು ಬಂದು ಹೊರಡುವುದನ್ನು ನೋಡುತ್ತಿದ್ದರು. “ಇವತ್ತು ಬೇರೆ ಕೆಲಸ ಇದೆ ಕಣಯ್ಯ, ಇನ್ನೊಂದ್ಸಲ,” ಎಂದು ಮಧುಗಿರಿಗೇ ಹಿಂತಿರುಗುತ್ತಿದ್ದರು.

ಅವರು ತೀರಿಕೊಂಡ ದಿನ ಮಗಳು ಮಧುಗಿರಿಗೆ ಬಂದಳು. ಅಳು ನಿಂತ ಮೇಲೆ ನನ್ನನ್ನು ಕೇಳಿದಳು: “ನನ್ನ ನೋಡಬೇಕು ಅಂತ ಅಪ್ಪ ಯಾವತ್ತಾದ್ರೂ ಹೊರಟಿದ್ರಾ ಅಣ್ಣಾ?”

“ಕೊಡಿಗೇನಹಳ್ಳಿವರೆಗೂ ಬತ್ತಿದ್ರು ಕಣಮ್ಮ,” ಎಂದೆ. “ರಜಾ ಸಿಕ್ಕಿದಾಗೆಲ್ಲಾ ಬತ್ತಿದ್ರು.”